ಆನ್‌ಲೈನ್ ನಕ್ಷೆ ಓದಲು ಬರಬೇಕು, ಬೆರಳಿಗೂ ಒಗ್ಗಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಊರು, ಕಚೇರಿ, ಕೆರೆ, ಮಂಡಿ, ಗುಡಿ-ದರ್ಗಾಗಳನ್ನು ವೆಬ್‌ನಲ್ಲಿ ನಕ್ಷೆಯಾಗಿ ತೋರಿಸಲು ಹೊರಟವರು ಕೇಳುವ ಪ್ರಶ್ನೆಗಳು ಇವು. ಕೋಡ್ ಬರೆಯುವವರಿಗೂ ಬರೆಸುವವರಿಗೂ ಸೇರಿಸಿಯೇ ಉತ್ತರಿಸಿದ್ದೇವೆ. ಸಿದ್ಧ ನಕ್ಷೆಗಳ ಅಳತೆಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ, ದೊಡ್ಡ ಪರದೆಗೆ, ನೆರಳಲ್ಲಿ ಕೂತವರ ಕಣ್ಣಿಗೆ ಹೊಲಿದ ಅಂಗಿ. ನಮ್ಮ ಮೈಗೆ ಅದು ಎಲ್ಲೆಲ್ಲಿ ಬಿಗಿಯುತ್ತದೆ ಎಂಬುದನ್ನೇ ಇಲ್ಲಿ ಹೆಚ್ಚಾಗಿ ಹೇಳಿದ್ದೇವೆ.

ನಕ್ಷೆ ಬೇಕೇ ಬೇಕಾ?

ಎಷ್ಟೋ ಸಲ ಬೇಡ. ಕಲಬುರಗಿ ಜಿಲ್ಲೆಯ 11 ತಾಲ್ಲೂಕು ಕಚೇರಿಗಳ ವಿಳಾಸ, ಫೋನ್ ನಂಬರ್ ಕೊಡಬೇಕಿದ್ದರೆ ಒಂದು ಪಟ್ಟಿ ಸಾಕು. ಓದುವವರಿಗೆ "ನನಗೆ ಹತ್ತಿರದ್ದು ಯಾವುದು", "ದಾರಿಯಲ್ಲಿ ಏನೇನು ಸಿಗುತ್ತದೆ", "ಯಾವ ಭಾಗದಲ್ಲಿ ಜಾಸ್ತಿ, ಯಾವ ಭಾಗದಲ್ಲಿ ಕಮ್ಮಿ" ಎಂಬ ಮೂರರಲ್ಲಿ ಒಂದು ಪ್ರಶ್ನೆ ಇದ್ದರಷ್ಟೇ ನಕ್ಷೆ ಕೆಲಸಕ್ಕೆ ಬರುತ್ತದೆ. ಮೂರಕ್ಕೂ ಒಂದೇ ನಕ್ಷೆಯಲ್ಲಿ ಉತ್ತರ ಕೊಡಲು ಹೋದರೆ ಒಂದಕ್ಕೂ ಸಿಗುವುದಿಲ್ಲ. ಯಾವ ಪ್ರಶ್ನೆ ಎಂದು ಮೊದಲು ಒಂದು ಸಾಲಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಯಾರಾದರೂ "ಇದನ್ನೂ ಹಾಕಿಬಿಡ್ರಿ" ಎಂದಾಗ ಆ ಸಾಲು ತೋರಿಸಬಹುದು.

ಪುಟ ತೆರೆದ ಕೂಡಲೇ ನಕ್ಷೆ ಯಾವ ಜೂಮ್‌ನಲ್ಲಿ ಕಾಣಬೇಕು?

ಅಂದಾಜು ಬೇಡ, ಲೆಕ್ಕ ಹಾಕಿ. ವೆಬ್ ನಕ್ಷೆಯನ್ನು ಜೋಡಿಸುವ ತುಂಡು, ಅಂದರೆ ಟೈಲ್, ಸಾಮಾನ್ಯವಾಗಿ 256 ಪಿಕ್ಸೆಲ್‌ನ ಚೌಕ. ಜೂಮ್ 0ರಲ್ಲಿ ಇಡೀ ಜಗತ್ತು ಒಂದೇ ಟೈಲ್. ಒಂದೊಂದು ಜೂಮ್ ಏರಿದಂತೆ ಟೈಲ್‌ಗಳು ನಾಲ್ಕು ಪಟ್ಟಾಗುತ್ತವೆ, ಒಂದು ಪಿಕ್ಸೆಲ್‌ಗೆ ಬೀಳುವ ನೆಲದ ಅಳತೆ ಅರ್ಧವಾಗುತ್ತದೆ. ಕಲಬುರಗಿಯ ಅಕ್ಷಾಂಶದಲ್ಲಿ, ಅಂದರೆ 17.33 ಡಿಗ್ರಿ ಉತ್ತರದಲ್ಲಿ, ಲೆಕ್ಕ ಹೀಗೆ ಬರುತ್ತದೆ: ಜೂಮ್ 8ರಲ್ಲಿ ಪಿಕ್ಸೆಲ್‌ಗೆ ಸುಮಾರು 584 ಮೀಟರ್, 10ರಲ್ಲಿ 146, 12ರಲ್ಲಿ 36.5, 15ರಲ್ಲಿ 4.6, 17ರಲ್ಲಿ 1.1 ಮೀಟರ್.

ಸಾಧಾರಣ ಫೋನ್ ಪರದೆ 360 ಪಿಕ್ಸೆಲ್ ಅಗಲ ಎಂದಿಟ್ಟುಕೊಳ್ಳಿ. ಜೂಮ್ 8ರಲ್ಲಿ ಅದು 210 ಕಿ.ಮೀ. ಅಗಲದ ನೆಲ ತೋರಿಸುತ್ತದೆ. ಮೂರೂ ಜಿಲ್ಲೆ ಅದರಲ್ಲಿ ಹಿಡಿಯುತ್ತವೆ. 12ರಲ್ಲಿ 13 ಕಿ.ಮೀ.: ಕಲಬುರಗಿ ನಗರ, ರಿಂಗ್ ರೋಡ್ ಸಮೇತ. 15ರಲ್ಲಿ 1.6 ಕಿ.ಮೀ.: ಒಂದು ಬಡಾವಣೆ. 17ರಲ್ಲಿ 410 ಮೀಟರ್: ಗೇಟು, ಗಲ್ಲಿ, ಬಸ್ ನಿಲ್ದಾಣದ ಒಳದಾರಿ. ಜಿಲ್ಲೆಯ ನಕ್ಷೆಯನ್ನು ಜೂಮ್ 5ರಲ್ಲಿ ತೆರೆದು ಓದುಗರೇ ಒಳಗೆ ಬರಲಿ ಎಂದು ಬಿಟ್ಟರೆ ಅರ್ಧ ಜನ ಅಲ್ಲಿಂದಲೇ ವಾಪಸ್. ಗುರುತುಗಳೆಲ್ಲ ಹಿಡಿಯುವಷ್ಟಕ್ಕೆ ನಕ್ಷೆಯನ್ನು ತಾನಾಗಿ ಹೊಂದಿಸುವ ಆದೇಶ ಎಲ್ಲ ನಕ್ಷೆ ಲೈಬ್ರರಿಗಳಲ್ಲೂ (ನಕ್ಷೆ ಬಿಡಿಸುವ ಸಿದ್ಧ ಕೋಡ್‌ಗಳಲ್ಲಿ) ಇದೆ. ಅದನ್ನು ಬಳಸಿ, ಸುತ್ತಲೂ 30–40 ಪಿಕ್ಸೆಲ್ ಅಂಚು ಬಿಡಿ. ಅಂಚು ಬಿಡದಿದ್ದರೆ ಔರಾದಿನ ಪಿನ್ ಅರ್ಧ ತಲೆ ಕತ್ತರಿಸಿಕೊಂಡು ಮೇಲಂಚಿಗೆ ಅಂಟಿರುತ್ತದೆ.

ಕನ್ನಡದ ಹೆಸರುಗಳು ಒಡೆದು ಕಾಣುತ್ತವೆ. ಫಾಂಟ್ ಬದಲಿಸಿದರೂ ಸರಿಹೋಗುತ್ತಿಲ್ಲ, ಯಾಕೆ?

ತಪ್ಪು ಫಾಂಟಿನದಲ್ಲ, ನಕ್ಷೆ ಬಿಡಿಸುವ ಯಂತ್ರದ್ದು. ಹೆಚ್ಚು ಸಮಯ ತಿನ್ನುವ ಸಮಸ್ಯೆ ಇದೇ ಆದ್ದರಿಂದ ಬಿಡಿಸಿ ಹೇಳುತ್ತೇವೆ.

"ಬಸವಕಲ್ಯಾಣ" ಎಂಬ ಪದದ "ಲ್ಯಾ" ಕಂಪ್ಯೂಟರಿಗೆ ನಾಲ್ಕು ಸಂಕೇತ: ಲ, ವಿರಾಮ, ಯ, ಆಕಾರದ ದೀರ್ಘ. ಈ ನಾಲ್ಕನ್ನು ಸೇರಿಸಿ ಲಕಾರಕ್ಕೆ ಯ ಒತ್ತು ಕೊಡುವ ಕೆಲಸವನ್ನು ಬ್ರೌಸರ್ ತಾನೇ ಮಾಡುತ್ತದೆ. ಆದರೆ ವೆಕ್ಟರ್ ಟೈಲ್‌ಗಳನ್ನು (ಚಿತ್ರದ ಬದಲು ಬಿಂದು-ಗೆರೆಗಳ ಮಾಹಿತಿ ಹೊತ್ತ ಟೈಲ್‌ಗಳನ್ನು) ಗ್ರಾಫಿಕ್ಸ್ ಚಿಪ್‌ನಲ್ಲಿ ಬಿಡಿಸುವ ಮ್ಯಾಪ್‌ಬಾಕ್ಸ್, ಮ್ಯಾಪ್‌ಲಿಬ್ರೆ ಬಗೆಯ ಲೈಬ್ರರಿಗಳು ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಎಂದು ಮೊದಲೇ ಮಾಡಿಟ್ಟ ಕಡತದಿಂದ ಅಕ್ಷರ ಎತ್ತಿಕೊಂಡು ಸಾಲಾಗಿ ಜೋಡಿಸುವ ಪದ್ಧತಿಯವು. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಅರ್ಕಾವತ್ತು ತನ್ನ ಜಾಗಕ್ಕೆ ಹೋಗುವುದಿಲ್ಲ, ಗುಡಿಸು ತಲೆಕಟ್ಟಿನ ಮೇಲೇ ಕೂರುತ್ತದೆ. "ಜೇವರ್ಗಿ" ಓದಿದರೆ ನಾಲಿಗೆ ತೊಡರುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಬಚಾವಾಗುವುದು ಆಳಂದ, ಕಮಲನಗರ ಎರಡೇ. ಅವುಗಳಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ. ಹಾಗಾಗಿ ಆಳಂದವನ್ನು ನೋಡಿ "ಕನ್ನಡ ಬರ್ತದ" ಎಂದು ತೀರ್ಮಾನಿಸಬೇಡಿ. ಪರೀಕ್ಷೆಗೆ ಬಸವಕಲ್ಯಾಣ, ಜೇವರ್ಗಿ, ಚಿಟಗುಪ್ಪ, ಸನ್ನತಿ, ಕ್ಷೇತ್ರ ಈ ಐದು ಪದ ಇಟ್ಟುಕೊಳ್ಳಿ. ಐದೂ ಸರಿಯಾಗಿ ಬಂದರೆ ಮುಂದಿನ ಕೆಲಸ.

ಪರಿಹಾರ ಮೂರು. ಮೊದಲನೆಯದು, ಸರ್ವರ್‌ನಲ್ಲೇ ಚಿತ್ರವಾಗಿ ತಯಾರಾದ ಟೈಲ್ ಬಳಸುವುದು. ಮ್ಯಾಪ್‌ನಿಕ್ ತರಹದ ಸಾಧನ ಕನ್ನಡವನ್ನು ಸರಿಯಾಗಿ ಜೋಡಿಸಿಯೇ ಚಿತ್ರ ಮಾಡುತ್ತದೆ. ಎರಡನೆಯದು, ತಳನಕ್ಷೆಯಿಂದ ಹೆಸರುಗಳನ್ನೆಲ್ಲ ತೆಗೆದು, ನಮಗೆ ಬೇಕಾದ ಹೆಸರುಗಳನ್ನು ಎಚ್‌ಟಿಎಂಎಲ್ ಲೇಬಲ್ ಆಗಿ ಮೇಲೆ ಇಡುವುದು. ಲೀಫ್ಲೆಟ್ ಎಂಬ ಲೈಬ್ರರಿಯಲ್ಲಿ ಟೂಲ್‌ಟಿಪ್ ಅಥವಾ ಡಿವ್‌ಐಕಾನ್ ಇದಕ್ಕೇ ಇದೆ. ಅಕ್ಷರವನ್ನು ಬ್ರೌಸರ್ ಬಿಡಿಸುವುದರಿಂದ ಒಡೆಯುವ ಮಾತೇ ಇಲ್ಲ. ಆದರೆ ಲೇಬಲ್ ನೂರು ದಾಟಿದರೆ ಅಗ್ಗದ ಫೋನ್ ಏದುಸಿರು ಬಿಡುತ್ತದೆ, ಲೇಬಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಯಾವ ಜೂಮ್‌ಗೆ ಯಾವ ಹೆಸರು ಎಂದು ನೀವೇ ಕೈಯಾರೆ ಹೇಳಬೇಕು. ಮೂರನೆಯದು, ಓಪನ್‌ಲೇಯರ್ಸ್ ಎಂಬ ಲೈಬ್ರರಿ. ಅದು ಅಕ್ಷರ ಬರೆಯುವುದನ್ನು ಬ್ರೌಸರ್‌ನ ಕ್ಯಾನ್ವಾಸ್‌ಗೆ ಬಿಡುತ್ತದೆ, ಒತ್ತು-ಗುಣಿತ ಸರಿ ಬರುತ್ತವೆ. ಮೂರು ಜಿಲ್ಲೆಯ ಮಟ್ಟದ ಕೆಲಸಕ್ಕೆ ಎರಡನೆಯ ದಾರಿಯೇ ನಮಗೆ ಮೇಲೆನಿಸುತ್ತದೆ. 25 ತಾಲ್ಲೂಕು, ಮೇಲೊಂದು ಐವತ್ತು ಮುಖ್ಯ ಊರುಗಳ ಹೆಸರನ್ನು ಒಂದು ಮಧ್ಯಾಹ್ನದಲ್ಲಿ ಹೊಂದಿಸಿಬಿಡಬಹುದು.

ಕನ್ನಡ ಲೇಬಲ್‌ಗೆ ಎಷ್ಟು ಗಾತ್ರ? ನದಿ, ಊರು, ತಾಲ್ಲೂಕು ಬೇರೆಬೇರೆ ಎಂದು ತೋರಿಸುವುದು ಹೇಗೆ?

ಇಂಗ್ಲಿಷ್ ನಕ್ಷೆಯವರ ಬಳಿ ಎರಡು ಹತಾರಗಳಿವೆ: ದೊಡ್ಡಕ್ಷರ, ಓರೆ ಅಕ್ಷರ. ರಾಜಧಾನಿಗೆ ಪೂರ್ತಿ ದೊಡ್ಡಕ್ಷರ, ನದಿಗೆ ಓರೆ. ಕನ್ನಡದಲ್ಲಿ ದೊಡ್ಡಕ್ಷರ ಎಂಬುದೇ ಇಲ್ಲ. ಓರೆ ಮಾಡಿದರೆ ಬ್ರೌಸರ್ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ. ಒತ್ತುಗಳು ಪಕ್ಕದ ಅಕ್ಷರದ ಕಾಲು ತುಳಿಯುತ್ತವೆ. ಅಕ್ಷರಗಳ ನಡುವೆ ಜಾಗ ಎಳೆದು "ಭೀ ಮಾ" ಎಂದು ನದಿಯುದ್ದಕ್ಕೆ ಹರಡುವುದೂ ಕನ್ನಡದಲ್ಲಿ ಚೆಂದ ಕಾಣುವುದಿಲ್ಲ. ನಮಗೆ ಉಳಿಯುವುದು ದಪ್ಪ, ಗಾತ್ರ, ಬಣ್ಣ.

ನೋಟೋ ಸಾನ್ಸ್ ಕನ್ನಡಕ್ಕೆ ಹೊಂದುವ ಅಳತೆ ಇದು: ಜಿಲ್ಲಾ ಕೇಂದ್ರ 17 ಪಿಕ್ಸೆಲ್, ದಪ್ಪ 700, ತಾಲ್ಲೂಕು ಕೇಂದ್ರ 15, ದಪ್ಪ 600, ಹಳ್ಳಿ 13.5, ದಪ್ಪ 400, ನದಿ-ಕೆರೆ 13.5, ಕಡು ನೀಲಿ. ಇಂಗ್ಲಿಷ್ 11 ಪಿಕ್ಸೆಲ್‌ನಲ್ಲೂ ಓದಲು ಬರುತ್ತದೆ, ಕನ್ನಡ 13ಕ್ಕಿಂತ ಕೆಳಗಿಳಿದರೆ ಒತ್ತಕ್ಷರ ಬರೀ ಚುಕ್ಕೆ. ಸಾಲಿನ ಎತ್ತರ 1.5 ಇಡಿ, 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಕ್ಷರದ ಸುತ್ತ ಬಿಳಿ ಅಂಚು 1.5ರಿಂದ 2 ಪಿಕ್ಸೆಲ್ ಸಾಕು, 3 ಆದರೆ ಒತ್ತಿನ ನಡುವಿನ ಸಂದು ಮುಚ್ಚಿಹೋಗುತ್ತದೆ.

ಮೂರು ಭಾಷೆಯನ್ನೂ ಒಂದೇ ಲೇಬಲ್‌ನಲ್ಲಿ ತುರುಕಬೇಡಿ. ನಕ್ಷೆಯ ಮೇಲೆ ಕನ್ನಡ. ಗುರುತು ಒತ್ತಿದಾಗ ತೆರೆಯುವ ಚೀಟಿಯಲ್ಲಿ ಇಂಗ್ಲಿಷ್, ಉರ್ದು. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಆ ಸಾಲಿಗೆ ದಿಕ್ಕನ್ನು ಪ್ರತ್ಯೇಕವಾಗಿ ಹೇಳದಿದ್ದರೆ ಮನೆ ನಂಬರ್, ಆವರಣ ಚಿಹ್ನೆಗಳು ಅದಲುಬದಲಾಗುತ್ತವೆ.

ಗುಲ್ಬರ್ಗಾ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ ಎನ್ನುತ್ತಾರೆ.

ಅಧಿಕೃತವಾಗಿ ಹೆಸರು ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಆದರೆ ಜನರ ಬೆರಳಲ್ಲಿ ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ ಎಲ್ಲವೂ ಇವೆ. ಸುರಪುರಕ್ಕೆ ಶೋರಾಪುರ, ಯಾದಗಿರಿಗೆ ಯಾದಗೀರ್, ಹುಮನಾಬಾದಿಗೆ ಹುಮ್ನಾಬಾದ್. ಕಾಣುವ ಹೆಸರು ಒಂದೇ ಇರಲಿ, ಹುಡುಕಾಟಕ್ಕೆ ಬೇರೆ ಅಂಕಣ ಇಟ್ಟು ಎಲ್ಲ ರೂಪಗಳನ್ನೂ ತುಂಬಿ. ಜನರೇ ಕೂಡಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಳೆ ಹೆಸರಿಗೆ, ಕನ್ನಡ ಹೆಸರಿಗೆ, ಉರ್ದು ಹೆಸರಿಗೆ ಬೇರೆಬೇರೆ ಟ್ಯಾಗ್‌ಗಳಿವೆ. ಬರೀ ಮುಖ್ಯ ಹೆಸರಿನ ಟ್ಯಾಗ್ ಎತ್ತಿಕೊಂಡರೆ ಹೆಚ್ಚಾಗಿ ಇಂಗ್ಲಿಷ್ ಬರುತ್ತದೆ.

ಕಣ್ಣಿಗೆ ಕಾಣದ ತೊಂದರೆಗಳು ಇನ್ನೂ ಎರಡಿವೆ. ಒಂದು, "ಸೂಪರ್‌ಮಾರ್ಕೆಟ್" ಪದದಲ್ಲಿ ಒತ್ತು ಬೀಳದಂತೆ ತಡೆಯಲು ರಕಾರದ ನಂತರ ಅಗೋಚರ ಅಕ್ಷರವೊಂದು ಕೂತಿರುತ್ತದೆ. ಹುಡುಕುವವರು ಅದನ್ನು ಟೈಪ್ ಮಾಡುವುದಿಲ್ಲ. ಹೋಲಿಸುವ ಮುಂಚೆ ಎರಡೂ ಕಡೆಯಿಂದ ಅದನ್ನು ತೆಗೆದುಬಿಡಿ. ಎರಡು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. "ಆಳಂದ" ಮತ್ತು "ಆಳ೦ದ" ಇವೆರಡನ್ನೂ ಹತ್ತಿರದಿಂದ ನೋಡಿ: ಎರಡನೆಯದರಲ್ಲಿ ಇರುವುದು ಅಂಕಿ ಸೊನ್ನೆ. ಮನುಷ್ಯರಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಊರು. ಅಕ್ಷರಗಳ ನಡುವೆ ಸಿಕ್ಕ ಸೊನ್ನೆಯನ್ನೆಲ್ಲ ಅನುಸ್ವಾರಕ್ಕೆ ಬದಲಿಸುವ ಒಂದು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳಿ.

ಹುಡುಕಾಟಕ್ಕೆ ನಾಮಿನಾಟಿಮ್‌ನ (ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೆಸರು ಹುಡುಕುವ ಸೇವೆ) ಉಚಿತ ಸರ್ವರ್ ಬಳಸುವುದಾದರೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ವಿನಂತಿ ಕಳಿಸುವಂತಿಲ್ಲ, ಒಂದೊಂದು ಅಕ್ಷರ ಒತ್ತಿದಂತೆ ಸಲಹೆ ತೋರಿಸಲು ಅದನ್ನು ಬಳಸುವಂತೆಯೂ ಇಲ್ಲ. ನಿಮ್ಮದೇ ಐನೂರು ಹೆಸರಿನ ಪಟ್ಟಿಯಾದರೆ ಬ್ರೌಸರ್‌ನಲ್ಲೇ ಹುಡುಕಿಸಿ, ವೇಗವೂ ಜಾಸ್ತಿ.

ಕಚೇರಿಯಿಂದ ಬಂದ ಪಟ್ಟಿ "ನುಡಿ" ತಂತ್ರಾಂಶದಲ್ಲಿದೆ. ನಕ್ಷೆಗೆ ಹಾಕಿದರೆ ಚಿತ್ರವಿಚಿತ್ರ ಅಕ್ಷರ.

ಅದು ಯೂನಿಕೋಡ್ ಅಲ್ಲ, ಹಳೆಯ ಫಾಂಟ್ ಸಂಕೇತ. ಪರಿವರ್ತಕ ಬಳಸಿ ಯೂನಿಕೋಡ್‌ಗೆ ತನ್ನಿ. ಆಮೇಲೆ ಅರ್ಕಾವತ್ತು ಇರುವ ಹೆಸರು, ದೀರ್ಘ ಇರುವ ಹೆಸರು, ಮೇಲೆ ಹೇಳಿದ ಸೊನ್ನೆ ಈ ಮೂರನ್ನು ಮಾತ್ರ ಕಣ್ಣಾರೆ ನೋಡಿ. ಪರಿವರ್ತನೆ ಕೆಡುವುದು ಹೆಚ್ಚಾಗಿ ಅಲ್ಲೇ. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ.

ಗುರುತುಗಳು ತಪ್ಪು ಜಾಗದಲ್ಲಿ ಕೂರುತ್ತಿವೆ.

ಎಷ್ಟು ತಪ್ಪು ಎಂಬುದರ ಮೇಲೆ ಕಾರಣ ಗೊತ್ತಾಗುತ್ತದೆ.

ಪಿನ್‌ಗಳು ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಕಂಡರೆ ಅಕ್ಷಾಂಶ-ರೇಖಾಂಶ ಅದಲುಬದಲಾಗಿವೆ. ಕಲಬುರಗಿ 17.33, 76.83. ತಿರುಗಿಸಿದರೆ 76.83 ಉತ್ತರ, 17.33 ಪೂರ್ವ: ಹಿಮದ ಸಮುದ್ರ. ನಕ್ಷೆಯ ಮಾಹಿತಿ ಇಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು, ಲೀಫ್ಲೆಟ್‌ನ ಆದೇಶಗಳಲ್ಲಿ ಅಕ್ಷಾಂಶ ಮೊದಲು. ಎರಡನ್ನೂ ಬಳಸುವವರೆಲ್ಲ ಒಮ್ಮೆಯಾದರೂ ಅಲ್ಲಿಗೆ ಹೋಗಿ ಬಂದಿರುತ್ತಾರೆ.

ಜೂಮ್ ಹಿಂದಕ್ಕೆ ಮಾಡಿದಂತೆ ಪಿನ್ ದಕ್ಷಿಣಕ್ಕೆ ಜಾರುತ್ತಿದ್ದರೆ, ಒಳಗೆ ಬಂದಂತೆ ಸರಿಹೋಗುತ್ತಿದ್ದರೆ, ಮಾಹಿತಿ ಸರಿಯಿದೆ, ಚಿತ್ರದ ಊರುಗೋಲು ತಪ್ಪಿದೆ. ಲೀಫ್ಲೆಟ್‌ನ ಮೂಲ ಪಿನ್ 25 ಅಗಲ, 41 ಎತ್ತರ. ಅದರ ತುದಿ ನೆಲ ಮುಟ್ಟುವ ಬಿಂದು 12, 41. ನಿಮ್ಮದೇ ಚಿತ್ರ ಹಾಕಿ ಗಾತ್ರ ಕೊಟ್ಟು ಈ ಬಿಂದು ಹೇಳದಿದ್ದರೆ ಚಿತ್ರದ ನಡುಮಧ್ಯ ಜಾಗದ ಮೇಲೆ ಕೂರುತ್ತದೆ, ತುದಿ 20 ಪಿಕ್ಸೆಲ್ ಕೆಳಗೆ. ಜೂಮ್ 17ರಲ್ಲಿ ಅದು 23 ಮೀಟರ್, ಯಾರಿಗೂ ಗೊತ್ತಾಗದು. ಜೂಮ್ 12ರಲ್ಲಿ 730 ಮೀಟರ್. ಒಂದು ಓಣಿಯ ಆಸ್ಪತ್ರೆ ಇನ್ನೊಂದು ಓಣಿಯಲ್ಲಿ ಕಾಣುತ್ತದೆ.

ಮೂರನೆಯದು ಸೂಕ್ಷ್ಮ: ಜಾಗ ಸರಿ, ಆದರೆ ಒಳಗೆ ಹೋಗಲು ಬರುವುದಿಲ್ಲ. ಬೀದರ್ ಕೋಟೆಯ ನಡುಮಧ್ಯಕ್ಕೆ ಪಿನ್ ಹೊಡೆದರೆ ದಾರಿ ತೋರಿಸುವ ಆಪ್ ಹೊರಗೋಡೆಯ ಯಾವುದೋ ಹತ್ತಿರದ ರಸ್ತೆಗೆ ಕರೆದೊಯ್ದು "ತಲುಪಿದಿರಿ" ಎನ್ನಬಹುದು. ಕೋಟೆ, ಮಂಡಿ, ಆಸ್ಪತ್ರೆ, ಕಾಲೇಜು ಇಂಥ ದೊಡ್ಡ ಆವರಣಗಳಿಗೆ ಜನ ಒಳಹೋಗುವ ಗೇಟಿಗೇ ಗುರುತು ಹಾಕಿ.

ರಸ್ತೆ ಹೆಸರು ಹಾಕಿದ್ದೇವೆ, ಆದರೂ ಜನರಿಗೆ ದಾರಿ ಗೊತ್ತಾಗುತ್ತಿಲ್ಲ.

ನಮ್ಮಲ್ಲಿ ರಸ್ತೆ ಹೆಸರಿನಿಂದ ದಾರಿ ಹೇಳುವವರು ಕಡಿಮೆ. "ಜಗತ್ ಸರ್ಕಲ್‌ಕ ಬರ್ರಿ, ಸೂಪರ್ ಮಾರ್ಕೆಟ್ ಕಡಿ ಹೊಳ್ರಿ, ಬಾಜೂಕ ಅದ" ಎನ್ನುತ್ತಾರೆ. ನಕ್ಷೆಯೂ ಹಾಗೇ ಮಾತಾಡಬೇಕು. ತಳನಕ್ಷೆಯಲ್ಲಿ ರಸ್ತೆ ಹೆಸರುಗಳನ್ನು ಮಸುಕಾಗಿಸಿ, ಹೆಗ್ಗುರುತುಗಳನ್ನು ಎತ್ತಿ ತೋರಿಸಿ. ಕಲಬುರಗಿಗೆ ಜಗತ್ ವೃತ್ತ, ಸೂಪರ್ ಮಾರ್ಕೆಟ್, ಶರಣಬಸವೇಶ್ವರ ದೇವಸ್ಥಾನ, ಖಾಜಾ ಬಂದೇನವಾಜ್ ದರ್ಗಾ, ಕೋಟೆ, ಕೇಂದ್ರ ಬಸ್ ನಿಲ್ದಾಣ, ರೈಲು ನಿಲ್ದಾಣ, ಬುದ್ಧ ವಿಹಾರ. ಬೀದರಿಗೆ ಚೌಬಾರಾ, ಮಹಮೂದ್ ಗವಾನ್ ಮದರಸಾ, ಗುರುನಾನಕ್ ಝೀರಾ. ಯಾದಗಿರಿಗೆ ಬೆಟ್ಟದ ಕೋಟೆ, ರೈಲು ನಿಲ್ದಾಣ. ಫೋನ್ ಪರದೆಯಲ್ಲಿ ಒಮ್ಮೆಗೆ ನಾಲ್ಕೈದು ಹೆಗ್ಗುರುತು ಕಂಡರೆ ಸಾಕು. ಹೊರವಲಯದ ರಸ್ತೆಗಳಿಗೆ ಮಾತ್ರ ಹೆಸರು ಬೇಕು: ಸೇಡಂ ರೋಡ್, ಆಳಂದ ರೋಡ್, ಜೇವರ್ಗಿ ರೋಡ್. ಅವು ದಿಕ್ಕು ಹೇಳುವ ಹೆಸರುಗಳು.

ಚೀಟಿಯಲ್ಲಿ ವಿಳಾಸದ ಜೊತೆ "ಯಾವುದರ ಎದುರು" ಎಂಬ ಒಂದು ಸಾಲು ಕಡ್ಡಾಯ ಮಾಡಿ. ಪಿನ್‌ಕೋಡ್‌ಗಿಂತ ಅದರ ಉಪಯೋಗ ಹೆಚ್ಚು.

ಸಾವಿರ ಗುರುತುಗಳಿವೆ, ಪರದೆ ಪೂರಾ ಪಿನ್‌ಮಯ.

ಗುಂಪು ಮಾಡುವ ಪ್ಲಗಿನ್ ಬಳಸಿ. ಲೀಫ್ಲೆಟ್‌ನದರಲ್ಲಿ 80 ಪಿಕ್ಸೆಲ್ ಒಳಗಿನವೆಲ್ಲ ಒಂದು ವೃತ್ತವಾಗುವುದು ಮೂಲ ಅಳತೆ. ಫೋನ್‌ಗೆ 50–60 ಮಾಡಿ, ಜೂಮ್ 15ರಿಂದ ಗುಂಪು ಬಿಚ್ಚಿಬಿಡಿ. ಗುಂಪಿನ ವೃತ್ತಕ್ಕೆ ಹಸಿರು-ಹಳದಿ-ಕೆಂಪು ಬಣ್ಣ ಬೇಡ, ಜನ ಕೆಂಪನ್ನು "ಅಪಾಯ" ಎಂದೇ ಓದುತ್ತಾರೆ. ಒಂದೇ ಬಣ್ಣ, ಒಳಗೆ ಸಂಖ್ಯೆ.

ಒಂದೇ ಜಾಗದಲ್ಲಿ ಹತ್ತು ಗುರುತು ಬಿದ್ದಿದ್ದರೆ ಮೊದಲು ಮಾಹಿತಿಯನ್ನೇ ಅನುಮಾನಿಸಿ. ವಿಳಾಸ ಸಿಗದಾಗ ಊರಿನ ನಡುಬಿಂದುವಿಗೆ ಎಸೆದ ಸಾಲುಗಳು ಅವು.

ಬಣ್ಣ ಹೇಗೆ ಆರಿಸಬೇಕು?

ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ಕಲಬುರಗಿಯ ಬಸ್ ನಿಲ್ದಾಣದ ಹೊರಗೆ ನಿಂತವರು ನಿಮ್ಮ ಓದುಗರು. ಬಿಸಿಲಿಗೆ ಪರದೆ ಬೆಳ್ಳಗಾಗಿರುತ್ತದೆ, ಕಾದ ಫೋನ್ ತಾನಾಗಿ ಬೆಳಕು ತಗ್ಗಿಸಿರುತ್ತದೆ. ಕಚೇರಿಯ ಪರದೆಯಲ್ಲಿ ಸೊಗಸಾಗಿ ಕಾಣುವ ತಿಳಿಬೂದು ಅಕ್ಷರ ಅಲ್ಲಿ ಮಾಯ. ಬಿಳಿಯ ಮೇಲೆ #999999 ಬೂದು ಬಣ್ಣಕ್ಕೆ ಕಾಂಟ್ರಾಸ್ಟ್ (ಅಕ್ಷರ-ಹಿನ್ನೆಲೆಗಳ ಬೆಳಕಿನ ಅನುಪಾತ) 2.85ಕ್ಕೆ 1, ಸಾಲದು. #767676ಕ್ಕೆ 4.54, ವೆಬ್ ಎಲ್ಲರಿಗೂ ಬಳಸಲು ಬರಲಿ ಎಂಬ ಡಬ್ಲ್ಯುಸಿಎಜಿ ಮಾನದಂಡ ಸಾಧಾರಣ ಅಕ್ಷರಕ್ಕೆ ಕೇಳುವ 4.5ನ್ನು ಕೂದಲೆಳೆಯಲ್ಲಿ ದಾಟುತ್ತದೆ. ನಮ್ಮ ಬಿಸಿಲಿಗೆ #595959 ಅಥವಾ ಇನ್ನೂ ಕಡು. ಅದು 7ಕ್ಕೆ 1. ಗುರುತು, ಗೆರೆಗಳಿಗೆ ಹಿನ್ನೆಲೆಯೊಂದಿಗೆ ಕನಿಷ್ಠ 3ಕ್ಕೆ 1 ಇರಲಿ. ಆದರೆ ತಳನಕ್ಷೆ ಬಿಳಿಯಲ್ಲ ಎಂಬುದು ನೆನಪಿರಲಿ: ಕೆರೆಯ ನೀಲಿ, ಹೊಲದ ತಿಳಿಹಸಿರು, ಹೆದ್ದಾರಿಯ ಹಳದಿ, ಮೂರರ ಮೇಲೂ ಅಳೆಯಿರಿ.

ತಳನಕ್ಷೆಯನ್ನು ಬೂದು ಬಣ್ಣಕ್ಕೆ ಇಳಿಸಿ ನಿಮ್ಮ ಮಾಹಿತಿಗೆ ಮಾತ್ರ ಬಣ್ಣ ಕೊಡುವುದು ಅರ್ಧ ಸಮಸ್ಯೆ ನೀಗಿಸುತ್ತದೆ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣು ಗಂಡಸರಲ್ಲಿ ಹೆಚ್ಚು. ಆದ್ದರಿಂದ ಬಣ್ಣವೊಂದನ್ನೇ ನೆಚ್ಚದೆ ಆಕಾರವನ್ನೂ ಬದಲಿಸಿ: ನೀರಿರುವ ಬೋರ್‌ವೆಲ್ ತುಂಬಿದ ವೃತ್ತ, ಬತ್ತಿದ್ದು ಖಾಲಿ ವೃತ್ತ.

ಇನ್ನೊಂದು ಮಾತು. ದೇವಸ್ಥಾನಕ್ಕೆ ಕೇಸರಿ, ದರ್ಗಾಕ್ಕೆ ಹಸಿರು, ವಿಹಾರಕ್ಕೆ ನೀಲಿ ಎಂದು ಹಂಚುವ ಆಸೆ ಸಹಜ. ಜೂಮ್ ಹಿಂದೆ ಸರಿಸಿದಾಗ ಬೀದರ್ ಊರು ಬಣ್ಣಬಣ್ಣದ ಪಾಳೆಯಗಳಾಗಿ ಕಾಣುತ್ತದೆ, ನೀವು ಹೇಳಹೊರಟಿದ್ದು ಅದಲ್ಲ. ಎಲ್ಲ ಪವಿತ್ರ ಸ್ಥಳಗಳಿಗೂ ಒಂದೇ ಬಣ್ಣ ಕೊಟ್ಟು ಒಳಗಿನ ಚಿಹ್ನೆ ಮಾತ್ರ ಬದಲಿಸಿ.

ತಾಲ್ಲೂಕುವಾರು ಬಣ್ಣ ತುಂಬಿ ತೊಗರಿ ಬೆಳೆಯ ನಕ್ಷೆ ಮಾಡಬೇಕು. ಏನು ಎಚ್ಚರ?

ಒಟ್ಟು ಹೆಕ್ಟೇರ್‌ಗೆ ಬಣ್ಣ ಕೊಡಬೇಡಿ. ದೊಡ್ಡ ತಾಲ್ಲೂಕು ತಾನಾಗಿ ಕಡುಬಣ್ಣ ಪಡೆಯುತ್ತದೆ, ನಕ್ಷೆ ಹೇಳುವುದು ತಾಲ್ಲೂಕಿನ ಗಾತ್ರವನ್ನಷ್ಟೇ. ಬಿತ್ತನೆಯಾದ ನೆಲದಲ್ಲಿ ತೊಗರಿಯ ಪಾಲು ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ ಅದಕ್ಕೆ ಬಣ್ಣ ಕೊಡಿ. ಒಟ್ಟು ಹೆಕ್ಟೇರ್ ತೋರಿಸಲೇಬೇಕಿದ್ದರೆ ತಾಲ್ಲೂಕಿನ ಮೇಲೆ ವೃತ್ತ ಇಡಿ. ವೃತ್ತದ ವಿಸ್ತೀರ್ಣ ಸಂಖ್ಯೆಗೆ ಅನುಪಾತದಲ್ಲಿರಲಿ, ತ್ರಿಜ್ಯವಲ್ಲ. ತ್ರಿಜ್ಯ ದುಪ್ಪಟ್ಟು ಮಾಡಿದರೆ ವೃತ್ತ ನಾಲ್ಕು ಪಟ್ಟಾಗಿ ಕಣ್ಣಿಗೆ ಸುಳ್ಳು ಹೇಳುತ್ತದೆ.

ದರ್ಜೆ ನಾಲ್ಕೈದು ಸಾಕು. ಏಳು ಛಾಯೆ ಮಾಡಿದರೆ ಪಕ್ಕಪಕ್ಕದ ಎರಡು ಛಾಯೆ ಬಿಸಿಲಲ್ಲಿ ಒಂದೇ. ತಿಳಿಯಿಂದ ಕಡುವಿಗೆ ಒಂದೇ ಬಣ್ಣದ ಏಣಿ ಇರಲಿ, ಕಾಮನಬಿಲ್ಲು ಬೇಡ. ಸಿಂಥಿಯಾ ಬ್ರೂವರ್ ರೂಪಿಸಿದ ಕಲರ್‌ಬ್ರೂವರ್ ತಾಣದಲ್ಲಿ ಬಣ್ಣಗುರುಡಿಗೂ ಮುದ್ರಣಕ್ಕೂ ಒಗ್ಗುವ ಏಣಿಗಳನ್ನು ಸೋಸಿ ತೆಗೆಯಬಹುದು. ದರ್ಜೆಯ ಗಡಿಗಳನ್ನು ಸಾಫ್ಟ್‌ವೇರ್ ಕೊಟ್ಟಂತೆ 13.27, 26.81 ಎಂದು ಬಿಡದೆ 15, 25, 40 ಎಂದು ದುಂಡಗೆ ಮಾಡಿ. ಮಾಡಿದ ಮೇಲೆ ಯಾವ ತಾಲ್ಲೂಕು ದರ್ಜೆ ಬದಲಿಸಿತು ಎಂದು ಮತ್ತೆ ನೋಡಿ.

ಇಲ್ಲಿಯದೇ ಆದ ಒಂದು ಗುಂಡಿ ಇದೆ. 2011ರ ಜನಗಣತಿಯಲ್ಲಿ ಕಲಬುರಗಿಗೆ 7, ಬೀದರಿಗೆ 5, ಯಾದಗಿರಿಗೆ 3, ಒಟ್ಟು 15 ತಾಲ್ಲೂಕು. ಆಮೇಲೆ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಚಿಟಗುಪ್ಪ, ಹುಲಸೂರ, ಕಮಲನಗರ, ಹುಣಸಗಿ, ವಡಗೇರಾ, ಗುರುಮಠಕಲ್ ಸೇರಿ ಈಗ 25. ಹಳೆ ಅಂಕಿಯನ್ನು ಹೊಸ ಗಡಿಗೆ ಜೋಡಿಸಿದರೆ ಹತ್ತು ತಾಲ್ಲೂಕು ಖಾಲಿ ಬೀಳುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಿಕ್ಕವುಗಳಲ್ಲಿ ಕೆಲವು ಕುಗ್ಗಿದ ಗಡಿಯೊಳಗೆ ಹಳೆ ಅಂಕಿ ಹೊತ್ತು ಕೂರುತ್ತವೆ. ಜೇವರ್ಗಿಯ ಅಂಕಿಯೊಳಗೆ ಯಡ್ರಾಮಿಯೂ ಇರುತ್ತದೆ. ಹಳೆ ಅಂಕಿಗೆ ಹಳೆ ಗಡಿಯನ್ನೇ ಬಳಸಿ, ಇಲ್ಲವೇ ಹಳ್ಳಿಮಟ್ಟದಿಂದ ಮತ್ತೆ ಕೂಡಿಸಿ. ಮಾಹಿತಿ ಇಲ್ಲದ ತಾಲ್ಲೂಕಿಗೆ ಬಿಳಿ ಬೇಡ, ಅದು ಸೊನ್ನೆಯಂತೆ ಕಾಣುತ್ತದೆ. ಬೂದು ಗೀರು ಹಾಕಿ "ಅಂಕಿ ಇಲ್ಲ" ಎಂದು ಸೂಚಿಯಲ್ಲಿ ಬರೆಯಿರಿ.

ಪುಟ ಸರಿಸಲು ಹೋದರೆ ನಕ್ಷೆ ಸರಿಯುತ್ತದೆ ಎಂಬ ದೂರು.

ಹೆಬ್ಬೆರಳು ನಕ್ಷೆಯೊಳಗೆ ಸಿಕ್ಕಿಬಿದ್ದಿದೆ. ಗೂಗಲ್ ಮ್ಯಾಪ್ಸ್ ಮತ್ತು ಮ್ಯಾಪ್‌ಲಿಬ್ರೆಯಲ್ಲಿ ಎರಡು ಬೆರಳಿದ್ದರೆ ಮಾತ್ರ ನಕ್ಷೆ ಸರಿಯುವ "ಕೋಆಪರೇಟಿವ್" ಹೊಂದಿಕೆ ಇದೆ. ಲೀಫ್ಲೆಟ್‌ಗೆ ಪ್ಲಗಿನ್ ಬೇಕು, ಕಂಪ್ಯೂಟರ್‌ಗಾಗಿ ಮೌಸ್ ಚಕ್ರದ ಜೂಮ್ ಆರಿಸಿ. "ಎರಡು ಬೆರಳಿನಿಂದ ಸರಿಸಿ" ಎಂಬ ಸೂಚನೆಯನ್ನು ಕನ್ನಡಕ್ಕೆ ತರಲು ಮರೆಯಬೇಡಿ. ಎತ್ತರ ಪರದೆಯ ಶೇ. 60–70 ದಾಟದಿರಲಿ, ಇಕ್ಕೆಲದಲ್ಲಿ 16 ಪಿಕ್ಸೆಲ್ ಬಿಡಿ. ನಕ್ಷೆಯೇ ಪೂರ್ತಿ ಪುಟವಾದರೆ ಇದ್ಯಾವುದೂ ಬೇಡ.

ಒತ್ತುವ ಗುಂಡಿಗಳು 44 ಪಿಕ್ಸೆಲ್ ಚೌಕ, ನಡುವೆ 8 ಅಂತರ, ಬಲಗೆಳಗಿನ ಮೂಲೆಯಲ್ಲಿ. ಪಿನ್ ಚಿತ್ರ 25 ಅಗಲವಿದ್ದರೂ ಸುತ್ತ ಪಾರದರ್ಶಕ ಜಾಗ ಸೇರಿಸಿ ಒತ್ತುವ ಪ್ರದೇಶವನ್ನು 44 ಮಾಡಬಹುದು. ಚೀಟಿಯನ್ನು ಪಿನ್ ಮೇಲೆ ತೇಲಿಸುವ ಬದಲು ಪರದೆಯ ಕೆಳಗಿನಿಂದ ಏರುವ ಹಾಳೆಯಲ್ಲಿ ತೋರಿಸಿ. ಕನ್ನಡದ ಉದ್ದ ಹೆಸರಿಗೆ ಅಲ್ಲಿ ಜಾಗವಿದೆ, ಬೆರಳೂ ಮುಚ್ಚುವುದಿಲ್ಲ.

"ನಾನು ಎಲ್ಲಿದ್ದೇನೆ" ಗುಂಡಿ ಕೆಲಸ ಮಾಡುತ್ತಿಲ್ಲ.

ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಬ್ರೌಸರ್ ಜಾಗ ಹೇಳುವುದಿಲ್ಲ, ಮೊದಲು ಅದನ್ನು ನೋಡಿ. ಪುಟ ತೆರೆದ ತಕ್ಷಣ ಅನುಮತಿ ಕೇಳಬೇಡಿ; ಯಾಕೆಂದು ಗೊತ್ತಿಲ್ಲದೆ ಜನ "ಬೇಡ" ಒತ್ತುತ್ತಾರೆ, ಆಮೇಲೆ ಬ್ರೌಸರ್ ಮತ್ತೆ ಕೇಳುವುದೇ ಇಲ್ಲ. ಗುಂಡಿ ಒತ್ತಿದಾಗ ಮಾತ್ರ ಕೇಳಿ. ಸಿಕ್ಕ ಜಾಗದ ಸುತ್ತ ನಿಖರತೆಯ ವೃತ್ತ ಬಿಡಿಸಿ. ನಿಖರತೆ 500 ಮೀಟರ್‌ಗಿಂತ ಕೆಟ್ಟದಿದ್ದರೆ ಜೂಮ್ 17ಕ್ಕೆ ಹಾರಬೇಡಿ, 14ರಲ್ಲಿ ನಿಲ್ಲಿ. ಅನುಮತಿ ಕೊಡದವರಿಗೆ ಹೆಗ್ಗುರುತಿನ ಪಟ್ಟಿಯಿಂದ ಆರಿಸಿಕೊಳ್ಳುವ ಅವಕಾಶ ಇರಲಿ.

ಹಳ್ಳಿ ಕಡೆ ನೆಟ್‌ವರ್ಕ್‌ನಲ್ಲಿ ತೆರೆಯಲು ತುಂಬ ಹೊತ್ತು ಹಿಡಿಯುತ್ತದೆ.

360ಕ್ಕೆ 500 ಪಿಕ್ಸೆಲ್ ಕಿಟಕಿಗೆ ಬೇಕಾಗುವುದು ಹೆಚ್ಚೆಂದರೆ 9 ಟೈಲ್. ಒಂದಕ್ಕೆ 20 ಕಿಲೋಬೈಟ್ ಹಿಡಿದರೂ 180. ಭಾರ ಇರುವುದು ಸಾಮಾನ್ಯವಾಗಿ ಗಡಿಯ ಕಡತದಲ್ಲಿ. ಅಕ್ಷಾಂಶ-ರೇಖಾಂಶಕ್ಕೆ ಹದಿನೈದು ದಶಮಾಂಶ ಬರೆದಿರುತ್ತದೆ. ಐದು ಸಾಕು, ಅಷ್ಟಕ್ಕೇ 1.1 ಮೀಟರ್ ನಿಖರತೆ. ಮ್ಯಾಪ್‌ಶೇಪರ್ ಎಂಬ ಸಾಧನದಲ್ಲಿ ಗಡಿಯನ್ನು ಶೇ. 10ಕ್ಕೆ ಸರಳಗೊಳಿಸಿ ನೋಡಿ, ಜೂಮ್ 10ರಲ್ಲಿ ವ್ಯತ್ಯಾಸ ಕಂಡರೆ 15ಕ್ಕೆ ಏರಿಸಿ. ಒಂದೊಂದು ತಾಲ್ಲೂಕನ್ನು ಬಿಡಿಬಿಡಿಯಾಗಿ ಸರಳಗೊಳಿಸುವ ಸಾಧನ ಬಳಸಿದರೆ ಸೇಡಂ-ಚಿತ್ತಾಪುರ ನಡುವೆ ಯಾರಿಗೂ ಸೇರದ ಬಿಳಿ ಸೀಳು ಬೀಳುತ್ತದೆ. ಮ್ಯಾಪ್‌ಶೇಪರ್ ಹಂಚಿಕೊಂಡ ಗಡಿಯನ್ನು ಒಂದೇ ಗೆರೆಯಾಗಿ ಹಿಡಿಯುತ್ತದೆ. ಫಾಂಟ್‌ನಲ್ಲಿ 400 ಮತ್ತು 700 ಎರಡೇ ದಪ್ಪ ಇಳಿಸಿ, 600ರ ಜಾಗಕ್ಕೆ 700 ನಡೆಯುತ್ತದೆ.

5 ಕಿ.ಮೀ. ವೃತ್ತ ಬಿಡಿಸಿದರೆ ಅಳತೆ ತಾಳೆಯಾಗುತ್ತಿಲ್ಲ. ಕೆರೆಯ ವಿಸ್ತೀರ್ಣವೂ ಜಾಸ್ತಿ ಬರುತ್ತದೆ.

ದುಂಡು ಭೂಮಿಯನ್ನು ಚಪ್ಪಟೆ ಪರದೆಗೆ ಹಾಸುವ ವೆಬ್ ಮರ್ಕೇಟರ್ ನಕ್ಷೆಯ ಒಂದು "ಮೀಟರ್" ಭೂಮಧ್ಯರೇಖೆಯಲ್ಲಿ ಮಾತ್ರ ನಿಜವಾದ ಮೀಟರ್. ಕಲಬುರಗಿಯಲ್ಲಿ ಅದರ 5000 ನೆಲದ ಮೇಲೆ ಸುಮಾರು 4773. ವಿಸ್ತೀರ್ಣ ಶೇ. 9.7ರಷ್ಟು ಉಬ್ಬುತ್ತದೆ. ಅಳತೆಯನ್ನು ನೆಲದ ಮೀಟರ್‌ಗೆ ಹತ್ತಿರವಿರುವ ಯುಟಿಎಂ ಪದ್ಧತಿಯ ವಲಯ 43 ಉತ್ತರಕ್ಕೆ, ಅಂದರೆ ಸಾಫ್ಟ್‌ವೇರ್‌ನಲ್ಲಿ ಇಪಿಎಸ್‌ಜಿ 32643 ಎಂಬ ಸಂಕೇತಕ್ಕೆ ತಂದು ಮಾಡಿ. ಮೂರೂ ಜಿಲ್ಲಾ ಕೇಂದ್ರಗಳು 78 ಡಿಗ್ರಿ ರೇಖಾಂಶದ ಈಚೆಗಿವೆ, ಒಂದೇ ವಲಯ ಸಾಕು. ಲೈಬ್ರರಿಯೇ ಕೊಡುವ ಅಳತೆಪಟ್ಟಿ, ಮೀಟರ್ ವೃತ್ತ ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ.

ಗಡಿ, ಪರವಾನಗಿ ವಿಷಯದಲ್ಲಿ ಏನು ನೋಡಬೇಕು?

ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ದೇಶದ ಗಡಿಯನ್ನು ಪ್ರಕಟಿಸುವುದು 1961ರ ಕಾನೂನಿನಡಿ ಅಪರಾಧ. ಹೊರದೇಶದ ತಳನಕ್ಷೆಗಳಲ್ಲಿ ಗಡಿ ಬೇರೆಯಾಗಿ ಕಾಣಬಹುದು. ಜಿಲ್ಲೆಯ ನಕ್ಷೆಗೆ ದೇಶದ ಗಡಿ ಕಾಣುವ ಅಗತ್ಯವೇ ಇಲ್ಲ: ಕನಿಷ್ಠ ಜೂಮ್ 8 ಎಂದು ಕಟ್ಟಿಹಾಕಿ, ಸರಿಸುವ ವ್ಯಾಪ್ತಿಗೂ ಮಿತಿ ಹಾಕಿ. 1920 ಪಿಕ್ಸೆಲ್ ಪರದೆಯಲ್ಲೂ ಆಗ 1100 ಕಿ.ಮೀ. ಚಿಲ್ಲರೆಯಷ್ಟೇ ಕಾಣುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಅದರ ಕೊಡುಗೆದಾರರ ಹೆಸರು ಓದಲು ಬರುವಂತೆ ಇರಬೇಕು. ಅವರ ಟೈಲ್‌ಗಳನ್ನು ರಾಶಿಯಾಗಿ ಇಳಿಸಿಕೊಳ್ಳುವಂತಿಲ್ಲ. ಸರ್ವೇ ನಂಬರ್ ಬೇಕೆನ್ನುವವರನ್ನು ರಾಜ್ಯ ಸರ್ಕಾರದ ದಿಶಾಂಕ್ ಆಪ್‌ಗೆ ಕಳಿಸಿ. ಜಮೀನಿನ ಗಡಿಯನ್ನು ನೀವೇ ಬಿಡಿಸಿ ವ್ಯಾಜ್ಯಕ್ಕೆ ಸಾಕ್ಷಿಯಾಗಬೇಡಿ.

ಕಣ್ಣು ಕಾಣದವರು ಬಳಸಬಹುದೇ?

ನಕ್ಷೆಯನ್ನು ಕಷ್ಟ, ಮಾಹಿತಿಯನ್ನು ಖಂಡಿತ. ಅದೇ ಗುರುತುಗಳ ಪಟ್ಟಿಯನ್ನು ತಾಲ್ಲೂಕುವಾರು ನಕ್ಷೆಯ ಕೆಳಗೇ ಕೊಡಿ, ನಕ್ಷೆಯನ್ನು ದಾಟಿ ಹೋಗುವ ಕೊಂಡಿ ಮೇಲಿಡಿ. ನೆಟ್‌ವರ್ಕ್ ಕೈಕೊಟ್ಟವರಿಗೂ ಆ ಪಟ್ಟಿಯೇ ಗತಿ.

ಮಾಡಿದ್ದು ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಐದು ಜನ ಸಾಕು, ಆದರೆ ಐವರೂ ಕಚೇರಿಯವರಾದರೆ ಲೆಕ್ಕಕ್ಕಿಲ್ಲ. ಒಬ್ಬ ಆಟೋ ಚಾಲಕರು, ಓದಲು ಕನ್ನಡಕ ಬೇಕಾದ ಒಬ್ಬ ಹಿರಿಯರು, ಹೊರಗಿನಿಂದ ಬಂದ ಒಬ್ಬ ವಿದ್ಯಾರ್ಥಿ, ಉರ್ದು ಮನೆಮಾತಿನ ಒಬ್ಬರು, ಹಳ್ಳಿಯಿಂದ ಬಂದ ಒಬ್ಬರು. ಅವರದೇ ಫೋನ್, ಅವರದೇ ಡೇಟಾ, ಬಯಲಲ್ಲಿ. "ಹೇಗಿದೆ" ಎಂದು ಕೇಳಬೇಡಿ, "ಛಲೋ ಅದರಿ" ಎಂಬ ಉತ್ತರ ಬರುತ್ತದೆ. ಕೆಲಸ ಕೊಡಿ: "ಜಗತ್ ಸರ್ಕಲ್‌ಗೆ ಹತ್ತಿರದ ಪಶು ಆಸ್ಪತ್ರೆ ಹುಡುಕ್ರಿ, ಅದು ಎಷ್ಟಕ್ಕೆ ತೆರೀತದ ಹೇಳ್ರಿ." ಬೆರಳು ಮೊದಲು ಎಲ್ಲಿ ಹೋಯಿತು, ಎಲ್ಲಿ ನಿಂತಿತು, ಎಷ್ಟು ಸೆಕೆಂಡು ಹಿಡಿಯಿತು, ಇಷ್ಟನ್ನೇ ಬರೆದುಕೊಳ್ಳಿ. ಸಹಾಯ ಮಾಡಲು ಕೈ ಮುಂದೆ ಹೋಗುತ್ತದೆ, ಹಿಡಿದುಕೊಳ್ಳಿ. ಮೂರು ಜನ ಒಂದೇ ಕಡೆ ನಿಂತರೆ ಅದನ್ನು ತಿದ್ದಿ, ಬೇರೆ ಐವರೊಂದಿಗೆ ಮತ್ತೊಮ್ಮೆ ಮಾಡಿ.

ಅದೇ ನಕ್ಷೆಯನ್ನು ಮುದ್ರಿಸಿ ಗೋಡೆಗೆ ಅಂಟಿಸಬಹುದೇ?

ಸ್ಕ್ರೀನ್‌ಶಾಟ್ ಮುದ್ರಿಸಿದರೆ ಮಸುಕಾಗುತ್ತದೆ: 1080 ಪಿಕ್ಸೆಲ್ ಅಗಲ ಎ4 ಹಾಳೆಯಲ್ಲಿ ಇಂಚಿಗೆ 130 ಚುಕ್ಕೆ ಮಾತ್ರ. 300 ಚುಕ್ಕೆಗೆ 2480ಕ್ಕೆ 3508 ಪಿಕ್ಸೆಲ್‌ನ ಚಿತ್ರ ಬೇಕು. ಅದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಬೇರೆಯಾಗಿ ತಯಾರಿಸಿ, ಕನ್ನಡವೂ ಅಲ್ಲಿ ಒಡೆಯುವುದಿಲ್ಲ. "1:50,000" ಎಂದು ಬರೆಯದೆ ಅಳತೆಪಟ್ಟಿ ಬಿಡಿಸಿ. ಝೆರಾಕ್ಸ್ ಅಂಗಡಿಯಲ್ಲಿ ಹಿಗ್ಗಿಸಿದರೂ ಕುಗ್ಗಿಸಿದರೂ ಪಟ್ಟಿ ಜೊತೆಗೇ ಹಿಗ್ಗುತ್ತದೆ, ಬರೆದ ಅನುಪಾತ ಸುಳ್ಳಾಗುತ್ತದೆ. ಆನ್‌ಲೈನ್ ನಕ್ಷೆಯ ಕ್ಯೂಆರ್ ಕೋಡ್ ಹಾಕುವುದಾದರೆ 3 ಸೆಂ.ಮೀ.ಗೆ ಕಡಿಮೆಯಾಗದಂತೆ, ಹಾಳೆಯ ಮೇಲ್ಭಾಗದಲ್ಲಿ ಹಾಕಿ. ಬಸ್ ನಿಲ್ದಾಣದ ಗೋಡೆಯಲ್ಲಿ ಹಾಳೆ ಕೆಳಗಿನ ಮೂಲೆಯಿಂದಲೇ ಕಿತ್ತುಬರುತ್ತದೆ.